ಪಾಳಿ ಮಂಚ

ಒಂದು ಮಂಚಕ್ಕೆ ಇಬ್ಬರು. ಒಬ್ಬ ಎದ್ದು ಹೋದರೆ ಇನ್ನೊಬ್ಬ ಬಂದು ಬೀಳಬೇಕು. ಹಗಲು ಪಾಳಿಯವನು ಗಣಿಗೆ ಇಳಿಯುವ ಹೊತ್ತಿಗೆ ರಾತ್ರಿ ಪಾಳಿಯವನು ಮೇಲೆ ಬರುತ್ತಿದ್ದ. ಹಾಸಿಗೆ ಆರುತ್ತಲೇ ಇರಲಿಲ್ಲ. ಒಬ್ಬನ ಬೆವರು ಒಣಗುವ ಮೊದಲೇ ಇನ್ನೊಬ್ಬನ ಬೆವರು ಅದರ ಮೇಲೆ ಇಳಿಯುತ್ತಿತ್ತು. ಅಂಥ ಮಂಚಗಳನ್ನು ಸಾಲಾಗಿ ಹಾಕಿಕೊಂಡು ಮನೆ ನಡೆಸುತ್ತಿದ್ದವಳನ್ನು ಎಲ್ಲರೂ ಮಂಚದಕ್ಕ ಎಂದು ಕರೆಯುತ್ತಿದ್ದರು.

ಮಲಗಲು ಬರುವವರ ಬಾಯಲ್ಲಿ ಅದು ಸಲಿಗೆಯ ಹೆಸರು. ಮೇಲಿನ ಬೀದಿಯವರ ಬಾಯಲ್ಲಿ ಬೈಗುಳ. ಗಂಡಸರಿಗೆ ಪಾಳಿಯ ಮೇಲೆ ಮಂಚ ಕೊಡುವ ಹೆಂಗಸೆಂದರೆ ಏನು ಅಂದುಕೊಳ್ಳಬೇಕೋ ಅದನ್ನೇ ಅವರು ಅಂದುಕೊಂಡಿದ್ದರು. ಅಂಗಡಿಯಲ್ಲಿ ಅವಳು ಬಂದು ನಿಂತರೆ ಪಕ್ಕದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಸರಿಯುತ್ತಿದ್ದರು. ಅಂಗಡಿಯವನು ಎಲ್ಲರಿಗೂ ಕೊಟ್ಟ ಮೇಲೆ ಅವಳ ಕಡೆ ನೋಡುತ್ತಿದ್ದ. ಆ ಅಂಗಡಿ ನಿಂತ ಜಾಗವನ್ನು ಸಮ ಮಾಡಿದವಳು ಅವಳೇ. ಅದನ್ನು ಯಾರಿಗೆ ಹೇಳುವುದು?

ಅವಳು ಬಂದಾಗ ಇಲ್ಲಿ ಊರಿರಲಿಲ್ಲ. ಬೋಳು ಗುಡ್ಡ, ಒಂದಷ್ಟು ಡೇರೆ, ಒಂದು ಗುಂಡಿ. ತಮ್ಮೂರಿನಲ್ಲಿ ಮಗ್ಗ ನಿಂತುಹೋಗಿ, ನೇಯುವ ಕೈಗಳಿಗೆ ಕೆಲಸವಿಲ್ಲದೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಬಂದಿದ್ದರು. ಗಂಡ ಬಂಡೆ ಕೊರೆಯಲು ಒಳಗಿಳಿದ. ಅವಳು ಅದಿರಿನ ಬುಟ್ಟಿ ಹೊತ್ತಳು. ಗುಂಡಿಯಿಂದ ಮೇಲಕ್ಕೆ ಹಲಗೆ ಹಾಕಿದ್ದರು. ಆ ಹಲಗೆಯ ಮೇಲೆ ಹತ್ತಬೇಕು, ಸುರಿಯಬೇಕು, ಮತ್ತೆ ಇಳಿಯಬೇಕು. ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿ ಅಲ್ಲಿ ಚರ್ಮ ಅಂಗಾಲಿನ ಹಾಗೆ ಗಟ್ಟಿಯಾಯಿತು. ಒಮ್ಮೆ ಬಸಿರಿದ್ದಾಗ ಹಲಗೆಯ ಮೇಲೇ ರಕ್ತ ಇಳಿಯಿತು. ಹಿಂದಿನವಳು, “ನಿಲ್ಬೇಡ ಅಕ್ಕ, ಸಾಲು ನಿಲ್ಲುತ್ತೆ” ಎಂದಳು. ಅವಳು ನಿಲ್ಲಲಿಲ್ಲ. ಬುಟ್ಟಿ ಸುರಿದು ಬಂದು ಆಮೇಲೆ ಕೂತಳು.

ಅದಿರು ಒಯ್ಯಲು ರೈಲು ಬಂತು. ಖಾಲಿ ಬರುವ ರೈಲಿನಲ್ಲಿ ಜನ ಬಂದರು. ಜನ ಬಂದಲ್ಲಿಗೆ ಚಹಾದಂಗಡಿ, ಕ್ಷೌರದಂಗಡಿ, ಹೆಂಡದಂಗಡಿ ಬಂದವು. ಆಮೇಲೆ ಬಟ್ಟೆಯಂಗಡಿ, ಶಾಲೆ, ಸಿನಿಮಾ ಮಂದಿರ. ಗುಂಡಿ ಎಷ್ಟು ಕೆಳಗಿಳಿಯಿತೋ ಊರು ಅಷ್ಟು ಮೇಲೆದ್ದಿತು. ಧೂಳು ಬೀಸದ ಗುಡ್ಡದ ಮಗ್ಗುಲಲ್ಲಿ ಸಾಹೇಬರ ಮನೆಗಳಾದವು. ಅವುಗಳ ಕೆಳಗೆ ಅಂಗಡಿಯವರ ಮನೆ, ಖಾಯಂ ಕೆಲಸಗಾರರ ಮನೆ. ಎಲ್ಲಕ್ಕಿಂತ ಮೊದಲು ಬಂದವರು ಎಲ್ಲಕ್ಕಿಂತ ಕೆಳಗೆ, ಗಣಿಯ ಕಸದ ದಿಬ್ಬದ ಬುಡದಲ್ಲಿ ಉಳಿದರು. ಆ ಜಾಗಕ್ಕೆ ಕೆಳಸಾಲು ಎಂದು ಹೆಸರು. ಕಚೇರಿಯ ಮುಂದೆ ಊರಿನ ನಕ್ಷೆ ಬರೆದ ದೊಡ್ಡ ಹಲಗೆಯಿತ್ತು. ಅದರಲ್ಲಿ ಕೆಳಸಾಲು ಇರಲಿಲ್ಲ. ಆ ಜಾಗಕ್ಕೆ ಹಸಿರು ಬಣ್ಣ ಬಳಿದಿದ್ದರು.

ಗಂಡನ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡಿತು. ಕೊನೆಕೊನೆಗೆ ಅವನಿಗೆ ಮಲಗಲೇ ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಉಸಿರೆಳೆಯುತ್ತಿದ್ದ. ಕೂತೇ ಹೋದ. ಅಷ್ಟರಲ್ಲಿ ಅವಳ ಸೊಂಟವೂ ಕೈಕೊಟ್ಟಿತ್ತು. ಸಿಡಿಮದ್ದು ಬರುತ್ತಿದ್ದ ಪೆಟ್ಟಿಗೆಗಳ ಹಲಗೆ ಆರಿಸಿ ತಂದು, ತಾನೇ ಮೊಳೆ ಹೊಡೆದು ಮಂಚ ಮಾಡಿದಳು. ತಗಡಿನ ಸೂರು ಎಬ್ಬಿಸಿದಳು. ರೈಲಿಳಿದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತವರಿಗೆ ಅದೇ ಮನೆಯಾಯಿತು. ಅವರಿಗೆ ಅಡುಗೆ ಮಾಡುತ್ತಿದ್ದಳು, ಹೊದಿಕೆ ಒಗೆಯುತ್ತಿದ್ದಳು. ಗಣಿಯಿಂದ ಹೊರಗೆಸೆಯುವ ಕೆಂಪು ನೀರನ್ನು ಕೊಳಗದಲ್ಲಿ ತುಂಬಿಸಿ, ಕೆಸರು ತಳಕ್ಕಿಳಿಯುವ ತನಕ ಕಾದು, ಮೇಲಿನದನ್ನು ಬಗ್ಗಿಸಿಕೊಳ್ಳುತ್ತಿದ್ದಳು. ನಲ್ಲಿ ಮೇಲಿನ ಬೀದಿಯಲ್ಲಿತ್ತು. ಕೆಳಸಾಲಿನವರು ಅದನ್ನು ಮುಟ್ಟುವ ಹಾಗಿರಲಿಲ್ಲ.

ಕಿಟಕಿಯ ಪಕ್ಕದ ಮಂಚ ಉದ್ದಣ್ಣನದು, ಗೊರಕೆಯವನದು. ಉದ್ದಣ್ಣ ಹಗಲು ಪಾಳಿ, ಗೊರಕೆಯವನು ರಾತ್ರಿ ಪಾಳಿ. ಉದ್ದಣ್ಣನ ಕಾಲುಗಳು ಮಂಚದ ಆಚೆ ಮೊಳದಷ್ಟು ಚಾಚಿಕೊಳ್ಳುತ್ತಿದ್ದವು. ಅವಳು ಅವನಿಗೆಂದೇ ತುದಿಗೊಂದು ಹಲಗೆ ಸೇರಿಸಿ ಮೊಳೆ ಹೊಡೆದುಕೊಟ್ಟಿದ್ದಳು. ಗೊರಕೆಯವನು ಗಿಡ್ಡ. “ಈ ಪುಣ್ಯಾತ್ಮ ಮಲಗಿ ಮಲಗಿ ಹಾಸಿಗೇಲಿ ಕಾಲುವೆ ಬಿದ್ದಿದೆ ಅಕ್ಕ. ಒಂದಿನ ನಾನು ಅದರಲ್ಲಿ ಕೊಚ್ಚಿಕೊಂಡೇ ಹೋಗ್ತೀನಿ” ಎನ್ನುತ್ತಿದ್ದ. ಎಚ್ಚರವಾಗಿದ್ದಾಗ ಅವರಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದೇ ಕಡಿಮೆ. ಬೆಳಗ್ಗೆ ಬಾಗಿಲಲ್ಲಿ ಎದುರಾಗುತ್ತಿದ್ದರು, ಅಷ್ಟೇ. ಆದರೂ ಒಬ್ಬ ಸೇದಿ ಉಳಿಸಿದ ಅರ್ಧ ಸಿಗರೇಟು ಇನ್ನೊಬ್ಬನಿಗೆ ದಿಂಬಿನ ಕೆಳಗೆ ಸಿಗುತ್ತಿತ್ತು. ಸಂಜೆ ಉದ್ದಣ್ಣ ಬಂದು ಗೊರಕೆಯವನ ಕಾಲ ಹೆಬ್ಬೆರಳು ಎಳೆಯುತ್ತಿದ್ದ. “ಏಳಪ್ಪಾ ರಾಜ, ಸಿಂಹಾಸನ ಬಿಟ್ಟು ಇಳಿ” ಎನ್ನುತ್ತಿದ್ದ. ಆಗಲೇ ಗೊರಕೆಯವನಿಗೆ ಬೆಳಗಾಗುತ್ತಿದ್ದದ್ದು.

ಉದ್ದಣ್ಣನನ್ನು ಅವನೂರಿನ ಕಡೆಯ ಮೇಸ್ತ್ರಿಯೊಬ್ಬ ಕರೆತಂದಿದ್ದ. ಮೇಸ್ತ್ರಿಯ ಜನವೆಂದರೆ ಗುತ್ತಿಗೆಯ ಜನ. ಎಷ್ಟು ತಲೆ ಒಳಗಿಳಿದವು, ಎಷ್ಟು ಮೇಲೆ ಬಂದವು ಎಂಬುದು ಮೇಸ್ತ್ರಿಗೆ ಗೊತ್ತು. ಕಂಪನಿಗೆ ಅವರ ಮುಖ ಗೊತ್ತಿಲ್ಲ, ಹೆಸರೂ ಬೇಡ. ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬೇಕು, ಮನೆಯ ಮೂಲೆಗೊಂದು ಪರದೆ ಕಟ್ಟಿಕೊಡಬೇಕು ಎಂದು ಉದ್ದಣ್ಣ ಆಗಾಗ ಮಂಚದಕ್ಕನನ್ನು ಕೇಳುತ್ತಿದ್ದ. ಅವಳು ಆಗಲಿ ಎಂದಿದ್ದಳು.

ಆ ದಿನ ಮಧ್ಯಾಹ್ನದ ಅಡುಗೆಗೆ ಒಲೆ ಉರಿಯುತ್ತಿತ್ತು. ನೆಲ ಅದುರಿತು. ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಸಿಡಿಮದ್ದು ಹೊಡೆಯುವ ಹೊತ್ತು ಅದಲ್ಲ. ಅವಳು ಹೊರಗೆ ಬಂದು ನೋಡಿದಳು. ಗಣಿಯ ಬಾಯಿಯ ಮೇಲೆ ಆಳುಗಳನ್ನು ಇಳಿಸಿ ಎತ್ತುವ ದೊಡ್ಡ ಗಾಲಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗಿತು. ಸೈರನ್ ಕೂಗಲಿಲ್ಲ. ಕಂಪನಿಯ ಖಾಯಂ ಆಳುಗಳೆಲ್ಲ ಮೇಲೆ ಬಂದಾಗಿತ್ತು. ಖಾಯಂ ಆಳಿಗೆ ಏನೂ ಆಗಿಲ್ಲವೆಂದರೆ ಗಣಿಯಲ್ಲಿ ಏನೂ ಆಗಿಲ್ಲವೆಂದೇ ಲೆಕ್ಕ.

ಸಂಜೆ ಗೊರಕೆಯವನು ಮಲಗಿಯೇ ಇದ್ದ. ಹೊತ್ತು ಮೀರಿದ ಮೇಲೆ ತಾನಾಗಿಯೇ ಬೆಚ್ಚಿ ಎದ್ದು, ನನ್ನನ್ನು ಯಾಕೆ ಯಾರೂ ಎಬ್ಬಿಸಲಿಲ್ಲ ಎಂದು ಕೇಳಿದ. ಮಂಚದಕ್ಕ ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ. ಉಣ್ಣದೆ ಓಡಿದ.

ಬೆಳಗ್ಗೆ ವಾಪಸು ಬಂದವನು ಮಂಚದ ಹತ್ತಿರ ಹೋಗಲಿಲ್ಲ. ಬಾಗಿಲ ಪಕ್ಕ ನೆಲದ ಮೇಲೆ ಕುಕ್ಕರಿಸಿದ. ಕೈಗೆಲ್ಲ ಸಿಮೆಂಟು ಮೆತ್ತಿ ಒಣಗಿತ್ತು.

“ಗೋಡೆ ಕಟ್ಟಿಸಿದ್ರು ಅಕ್ಕ,” ಎಂದ. “ಕೆಳಗಿನ ಸುರಂಗದ ಬಾಯಿಗೆ.”

“ಯಾಕೆ?”

“ಕುಸಿದಿದೆಯಂತೆ. ಗಾಳಿ ಕೆಟ್ಟಿದೆಯಂತೆ. ಅಗೆದು ತೆಗೆಯೋಕೆ ಹೋದ್ರೆ ಬೇರೆ ಕಡೆ ಕೆಲಸ ನಿಲ್ಲುತ್ತಂತೆ.”

“ಒಳಗೆ?”

ಅವನು ಉಗುರಿನಿಂದ ಅಂಗೈಯ ಸಿಮೆಂಟು ಕೆರೆಯತೊಡಗಿದ. ಅದು ಬಿಡಲಿಲ್ಲ. ಇನ್ನೂ ಜೋರಾಗಿ ಕೆರೆದ.

“ಬಡೀತಿದ್ರು,” ಎಂದ. “ಕಲ್ಲಿನ ಮೇಲೆ ಕಬ್ಬಿಣದಲ್ಲಿ. ಮೊದಲು ಜೋರಾಗಿ ಬಡೀತಿದ್ರು. ಆಮೇಲೆ ಬಿಟ್ಟು ಬಿಟ್ಟು. ಅದು ನೀರಿನ ಸದ್ದು ಕಣ್ರೋ, ಕೆಲಸ ನೋಡಿ ಅಂದ ಮೇಸ್ತ್ರಿ. ನೀರು ಹಂಗೆ ಬಡಿಯುತ್ತಾ ಅಕ್ಕ?”

“ನೀನೇನು ಮಾಡ್ದೆ?”

“ಇಟ್ಟಿಗೆ ಇಟ್ಟೆ.”

ಅವಳು ಒಲೆ ಆರಿಸಿದಳು. ಸೊಂಟ ಹಿಡಿದುಕೊಂಡು ಗುಡ್ಡ ಹತ್ತಿ ಗಣಿಯ ಗೇಟಿಗೆ ಹೋದಳು. ಕೆಳಗೆ ಜನ ಇದ್ದಾರೆ, ಗೋಡೆ ಒಡೆಯಿರಿ ಎಂದಳು. ಕಾವಲುಗಾರ ಮೊದಲು ನಕ್ಕ. ಆಮೇಲೆ ಗದರಿದ. ಅವಳು ಕಂಬಿ ಹಿಡಿದು ಅಲುಗಾಡಿಸಿದಾಗ ಕೋಲಿನಿಂದ ತಳ್ಳಿದ. ಕೆಟ್ಟ ಸೊಂಟದ ಮೇಲೇ ಬಿದ್ದಳು. ಏಳಲು ಆಗಲಿಲ್ಲ. ಏಳಲು ಆಗದಿದ್ದರೇನು, ಕೂತಿರಲು ಆಗುತ್ತಲ್ಲ ಎಂದು ಅಲ್ಲೇ ಗೇಟಿಗೆ ಅಡ್ಡ ಕೂತಳು. ಗೋಡೆ ಒಡೆಯಿರಿ ಎಂದು ಹೋಗುವವರಿಗೆಲ್ಲ, ಬರುವವರಿಗೆಲ್ಲ ಹೇಳಿದಳು. ಗಂಟಲು ಕಟ್ಟುವ ತನಕ ಹೇಳಿದಳು. ಅವಳ ಕೈಯಡುಗೆ ಉಂಡವರೇ ಪಾಳಿ ಮುಗಿಸಿ ಅವಳನ್ನು ಬಳಸಿಕೊಂಡು ಹೋದರು. ಒಬ್ಬನೂ ತಲೆಯೆತ್ತಲಿಲ್ಲ.

ಮೇಸ್ತ್ರಿ ಬಂದ. ಉದ್ದಣ್ಣನ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದಿತ್ತು, ಕುಸಿಯುವ ಹಿಂದಿನ ದಿನವೇ ರೈಲು ಹತ್ತಿಸಿದೆ ಎಂದ. ಆ ದಿನ ಬೆಳಗ್ಗೆ ಅವನಿಗೆ ಬುತ್ತಿ ಕಟ್ಟಿದವಳು ನಾನು ಎಂದಳು ಅವಳು. ನಿನಗೆ ದಿನ ಮರೆತುಹೋಗಿದೆ ಎಂದ. ಅವನ ಅಂಗಿ, ಕನ್ನಡಿ, ಕ್ಷೌರದ ಸಾಮಾನು ಎಲ್ಲ ಮನೆಯಲ್ಲೇ ಇವೆ ಎಂದಳು. ಅವಸರದಲ್ಲಿ ಹೋದ ಎಂದ. ಎಲ್ಲದಕ್ಕೂ ಅವನ ಬಳಿ ಉತ್ತರವಿತ್ತು. ಆದರೆ ಉತ್ತರ ಹೇಳುವಾಗೆಲ್ಲ ಅವಳ ಕಣ್ಣಿನ ಬದಲು ಅವಳ ಕಿವಿಯ ಕಡೆ ನೋಡುತ್ತಿದ್ದ.

ಗೇಟಿಗೆ ಅಡ್ಡ ಕೂತ ಹೆಂಗಸಿನ ಸುದ್ದಿ ರೈಲಿನವರ ಬಾಯಿಂದ ದೂರದ ದೊಡ್ಡ ಕಚೇರಿ ಮುಟ್ಟಿತು. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾನೆ ಎಂದಾಯಿತು. ಆ ಹೊತ್ತಿಗೆ ಒಳಗೆ ಬಡಿಯುವವರು ಯಾರೂ ಉಳಿದಿರಲಾರರು ಎಂದು ಅವಳಿಗೂ ಗೊತ್ತಿತ್ತು. ಆದರೂ ಒಬ್ಬ ಮನುಷ್ಯ ಸತ್ತ ಎಂಬ ಒಂದು ಮಾತಾದರೂ ಯಾರ ಬಾಯಿಂದಲಾದರೂ ಬರಲಿ ಎಂದು ಕಾದಳು.

ಈಗ ಮೇಸ್ತ್ರಿಯ ದನಿ ಮೆತ್ತಗಾಯಿತು. ಅವಳ ಮನೆಗೇ ಬಂದು, ಕಾಲ ಮೇಲೆ ಕಾಲು ಹಾಕದೆ, ಕೆಳಗೇ ಕೂತ. ಕೆಳಸಾಲಿಗೆ ನಲ್ಲಿ ಹಾಕಿಸುವ ಮಾತು ನಡೆದಿದೆ, ನಕ್ಷೆಯಲ್ಲಿ ನಿನ್ನ ಮನೆಯನ್ನೂ ಗುರುತು ಮಾಡುತ್ತಾರೆ ಎಂದ. ಅವಳು ಕೊಳಗದ ನೀರು ಬಗ್ಗಿಸಿಕೊಳ್ಳುತ್ತಲೇ ಇದ್ದಳು. ಅವನು ಹೋದ ಮೇಲೆ ಮಂಚದ ಜನ ಸುತ್ತ ಸೇರಿದರು. ಗಣಿ ಮುಚ್ಚಿದರೆ ನಮ್ಮ ಗತಿಯೇನು ಅಕ್ಕ, ಊರಲ್ಲಿ ನಮ್ಮ ಹಿಂದೆ ಎಷ್ಟು ಹೊಟ್ಟೆಗಳಿವೆ ಎಂದು ಕೈಮುಗಿದರು. ಸತ್ತವರು ಸತ್ತರು, ಇದ್ದವರನ್ನು ಯಾಕೆ ಸಾಯಿಸುತ್ತೀಯ ಎಂದು ಒಬ್ಬ ರೇಗಿದ. ಉದ್ದಣ್ಣನ ಜೊತೆ ಒಳಗಿದ್ದ ಬೇರೆಯವರು ಬೇರೆ ಬೇರೆ ಮನೆಗಳಲ್ಲಿ ಮಲಗುತ್ತಿದ್ದವರು. ಆ ಮನೆಗಳವರು ಆಗಲೇ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಗೊರಕೆಯವನು ಮಾತ್ರ ಏನೂ ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ನೆಲದ ಮೇಲೆ ಮಲಗಿದ್ದ. ಗೊರಕೆ ಹೊಡೆಯುತ್ತಿರಲಿಲ್ಲ.

ವಿಚಾರಣೆ ನಡೆದದ್ದು ಸಾಹೇಬರು ಆಟವಾಡಿ ಕುಡಿಯುವ ಕ್ಲಬ್ಬಿನಲ್ಲಿ. ಅವಳ ಕಾಲಿನ ಕೆಂಪು ಮಣ್ಣು ಆ ನೆಲದ ಮೇಲೆ ಗುರುತು ಮೂಡಿಸಿತು. ಜವಾನ ಒದ್ದೆ ಬಟ್ಟೆ ತಂದು ಅವಳ ಕಾಲ ಬುಡದಲ್ಲೇ ಒರೆಸಿದ. ಎಲ್ಲರಿಗೂ ಕುರ್ಚಿಯಿತ್ತು. ಅವಳು ನಿಂತಿದ್ದಳು. ಸೊಂಟ ಸಿಡಿಯುತ್ತಿತ್ತು. ಗೋಡೆಗೆ ಕೈ ಕೊಟ್ಟರೆ ಕೈಯ ಗುರುತೂ ಬಿದ್ದೀತೆಂದು ಹಾಗೆಯೇ ನಿಂತಳು.

ಮೊದಲು ಗೊರಕೆಯವನನ್ನು ಕರೆದರು. ಕಂಪನಿಯ ಹೊಸ ಅಂಗಿ ತೊಟ್ಟಿದ್ದ. ಖಾಯಂ ಆಳುಗಳು ತೊಡುವ ಅಂಗಿ. ಅದನ್ನು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಆ ಮಂಚದಲ್ಲಿ ಯಾರು ಯಾರು ಮಲಗುತ್ತಿದ್ದಿರಿ ಎಂದು ಅಧಿಕಾರಿ ಕೇಳಿದ. ನಾನೊಬ್ಬನೇ ಎಂದ. ಒಳಗೆ ಬಡಿದ ಸದ್ದು ಏನಾದರೂ ಕೇಳಿತೇ ಎಂದದ್ದಕ್ಕೆ, “ನೀರಿನ ಸದ್ದು ಸಾರ್” ಎಂದ. ಹೇಳಿ ಮುಗಿಸಿದ ಮೇಲೂ ಅಲ್ಲೇ ನಿಂತಿದ್ದ. ಹೋಗು ಎಂದು ಎರಡು ಸಲ ಹೇಳಬೇಕಾಯಿತು.

ಅವಳ ಸರದಿ ಬಂತು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಇಟ್ಟಿಗೆಯನ್ನು ಅವನ ಕೈಗೆ ಕೊಟ್ಟವರು ಕುರ್ಚಿಯಲ್ಲಿ ಕೂತಿದ್ದರು. ಉದ್ದಣ್ಣ ಎಂಥವನು, ಎಷ್ಟು ಎತ್ತರ, ಅವನ ಕಾಲಿಗೆ ಮಂಚ ಹೇಗೆ ಸಾಲುತ್ತಿರಲಿಲ್ಲ, ಆ ಬೆಳಗ್ಗೆ ಬುತ್ತಿ ಹಿಡಿದು ಬಾಗಿಲಲ್ಲಿ ಹೇಗೆ ತಲೆ ಬಗ್ಗಿಸಿ ಹೊರಗೆ ಹೋದ, ಎಲ್ಲವನ್ನೂ ಹೇಳಿದಳು.

ಅಧಿಕಾರಿ ಗೋಡೆಯ ಮೇಲೆ ತೂಗುಹಾಕಿದ್ದ ನಕ್ಷೆಯ ಕಡೆ ಕೈ ತೋರಿಸಿದ. “ನಿನ್ನ ಮನೆ ಎಲ್ಲಿದೆ, ತೋರಿಸು.”

ಅವಳು ಹಸಿರು ಬಣ್ಣದ ಮೇಲೆ ಬೆರಳಿಟ್ಟಳು.

“ಅದು ಉದ್ಯಾನಕ್ಕೆ ಬಿಟ್ಟ ಜಾಗ. ಅಲ್ಲಿ ಮನೆಯೇ ಇಲ್ಲ. ಇಲ್ಲದ ಮನೆಯಲ್ಲಿ ಅವನು ಹೇಗಿದ್ದ?”

ಕುರ್ಚಿಯವರು ನಕ್ಕರು. ಮಂಚಕ್ಕೆ ಗಂಡಸರನ್ನು ಪಾಳಿ ಮೇಲೆ ಬಿಟ್ಟುಕೊಳ್ಳುವವಳಿಗೆ ಯಾರು ಬಂದರು ಯಾರು ಹೋದರು ಎಂದು ನೆನಪಿರುತ್ತದೆಯೇ ಎಂದು ಒಬ್ಬ ಹೇಳಿದ. ಮತ್ತೆ ನಕ್ಕರು. ಅವಳ ಬಾಯಿ ಒಣಗಿತು. ನೀರು ಬೇಕು ಎನ್ನಲು ಮನಸ್ಸಾಗಲಿಲ್ಲ.

ಅಧಿಕಾರಿಗೆ ರೈಲಿನ ಹೊತ್ತಾಗುತ್ತಿತ್ತು. ಬೇಸರದ ದನಿಯಲ್ಲಿ, ಆದರೆ ಕೆಟ್ಟ ಮನುಷ್ಯನಲ್ಲವೆಂದು ತೋರಿಸುವಂತೆ ಹೇಳಿದ:

“ನೋಡಮ್ಮ, ಅವನು ಊರಿಗೆ ಹೋದ ಅಂತ ನೀನು ಹೇಳೋದು ಬೇಡ. ಗೊತ್ತಿಲ್ಲ ಅನ್ನು, ಸಾಕು. ಯಾರಿಗೂ ತೊಂದರೆ ಇಲ್ಲ.”

“ಗೊತ್ತು ಸಾರ್.”

“ಗೊತ್ತಿಲ್ಲ ಅನ್ನು.”

“ಗೊತ್ತು. ನೀವು ಗೋಡೆ ಒಡೆಸಿ ನೋಡಿ. ಇಲ್ಲದಿದ್ರೆ ನನ್ನನ್ನ ಜೈಲಿಗೆ ಹಾಕಿ.”

“ನಿನ್ನ ಮನೆ ಹೋಗುತ್ತೆ.”

“ಇಲ್ಲದ ಮನೆ ಹೆಂಗೆ ಹೋಗುತ್ತೆ ಸಾರ್?”

ಆಗ ಯಾರೂ ನಗಲಿಲ್ಲ. ಮೇಸ್ತ್ರಿ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ. ಮೆಟ್ಟಿಲ ಮೇಲೂ ಅವಳು ಗೊತ್ತು, ಗೊತ್ತು ಎನ್ನುತ್ತಲೇ ಇದ್ದಳು. ಜವಾನ ಬಾಗಿಲು ಹಾಕಿಕೊಂಡ.

ಕುಸಿತ ಆಗಿದೆ, ಜೀವಹಾನಿ ಆಗಿಲ್ಲ ಎಂದು ತೀರ್ಮಾನವಾಯಿತು. ಅಂಗಡಿ ಬೀದಿಯವರಿಗೆ ಹೋದ ಜೀವ ಬಂದ ಹಾಗಾಯಿತು. ಗಣಿ ಮುಚ್ಚುವುದಿಲ್ಲ. ಇನ್ನೊಂದು ಸುರಂಗ ತೆಗೆಯುತ್ತಾರಂತೆ, ಇನ್ನೂ ಜನ ಬರುತ್ತಾರಂತೆ ಎಂದು ಚಹಾದಂಗಡಿಯವನು ಹೊಸ ಬೆಂಚು ಮಾಡಿಸಿದ.

ಮನೆ ಕೆಡವಲು ಕಂಪನಿ ಬೇರೆ ಆಳು ಕಳಿಸಲಿಲ್ಲ. ಅಲ್ಲಿ ಮಲಗುತ್ತಿದ್ದವರ ಕೈಯಲ್ಲೇ ಕೆಡವಿಸಿದರು. ಕೆಲಸ ಬೇಕಾದವನು ಹಾರೆ ಹಿಡಿ ಎಂದ ಮೇಸ್ತ್ರಿ. ಅವರು ಹಿಡಿದರು. ಸೂರಿನ ತಗಡು ಬಿಚ್ಚುವಾಗ ಒಬ್ಬ, “ಸ್ವಲ್ಪ ಆಚೆ ನಿಂತ್ಕೋ ಅಕ್ಕ, ತಲೆ ಮೇಲೆ ಬಿದ್ದೀತು” ಎಂದ. ಅವನ ಕಾಳಜಿ ನಿಜವಾದದ್ದೇ. ಅವಳಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಮೇಸ್ತ್ರಿ ಗೇಟಿನ ಹತ್ತಿರ ತಾನೇ ಉದ್ದನೆಯ ಕೊಟ್ಟಿಗೆ ಕಟ್ಟಿಸಿದ್ದ. ಎಲ್ಲರೂ ತಂತಮ್ಮ ಮಂಚ ಹೊತ್ತು ಅಲ್ಲಿಗೆ ಹೋದರು. ಕಿಟಕಿಯ ಪಕ್ಕದ ಮಂಚವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಗೊರಕೆಯವನಿಗೆ ಮೇಲಿನ ಸಾಲಿನಲ್ಲಿ ಕೋಣೆ ಕೊಟ್ಟಿದ್ದರು. ಅವನಿಗೆ ನಿದ್ದೆ ಬರುವುದಿಲ್ಲವಂತೆ, ಕೂತೇ ಇರುತ್ತಾನಂತೆ ಎಂದು ಯಾರೋ ಹೇಳಿದರು. ಅವಳು ಆ ಮಂಚವನ್ನು ಒಡೆದು ಸೌದೆ ಮಾಡಿ, ದಿಬ್ಬದ ಆಚೆ ಗೋಣಿ ಕಟ್ಟಿಕೊಂಡ ಗುಡಿಸಲಿನಲ್ಲಿ ಅಡುಗೆ ಮಾಡಿಕೊಂಡಳು.

ಆ ಸೊಂಟದಿಂದ ಹೊರುವುದಕ್ಕೆ ಆಗದು. ಕೂತು ಮಾಡುವ ಕೆಲಸವೆಂದರೆ ಅದಿರಿನ ಅಂಗಳದಲ್ಲಿ ಕಲ್ಲು ಒಡೆಯುವುದು. ಅಲ್ಲಿಯ ಮೇಲ್ವಿಚಾರಕ ಅವಳನ್ನು ಗುರುತು ಹಿಡಿದ. ಬಾಯಿ ಮುಚ್ಚಿಕೊಂಡು ಇರುವುದಾದರೆ ಕೂರು ಎಂದ. ಕೂತಳು. ಹೊಟ್ಟೆ ಕೇಳಬೇಕಲ್ಲ.

ಒಂದು ಮಧ್ಯಾಹ್ನ, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸೊಬ್ಬಳು ಮಂಚದಕ್ಕನ ಮನೆ ಎಲ್ಲಿ ಎಂದು ಕೇಳಿಕೊಂಡು ಕೆಳಸಾಲಿನಲ್ಲಿ ಅಲೆದಳು. ಅಲ್ಲಿ ಆಗ ಉದ್ಯಾನಕ್ಕೆ ಬೇಲಿ ಹಾಕುತ್ತಿದ್ದರು. ಯಾರೋ ಅಂಗಳದ ಕಡೆ ಕೈ ತೋರಿದರು. ಅವಳು ಬಂದು ಎದುರಿಗೆ ನಿಂತಳು. ಉದ್ದಣ್ಣನ ಹೆಂಡತಿ. ಗಂಡ ಕರೆಯುತ್ತೇನೆ ಎಂದವನು ಕರೆಯಲಿಲ್ಲ, ಸುದ್ದಿಯೂ ಇಲ್ಲ, ಅತ್ತೆ ಚೆನ್ನಾಗಿಯೇ ಇದ್ದಾಳೆ, ಅವನು ಊರಿಗೆ ಬಂದೇ ಇಲ್ಲ ಎಂದಳು. ಮಂಚದಕ್ಕ ಅವಳನ್ನು ಕೂರಿಸಿ ನೀರು ಕೊಟ್ಟಳು. ಸುರಂಗ ಕುಸಿದದ್ದನ್ನು ಹೇಳಿದಳು, ಬಡಿದ ಸದ್ದಿನ ಮಾತು ಎತ್ತಲಿಲ್ಲ. ಬಂದವಳು ಕೂಗಾಡುವಳು ಎಂದುಕೊಂಡಿದ್ದಳು. ಅವಳು ಕೂಗಾಡಲಿಲ್ಲ. ಮಗುವಿನ ಕಾಲಿನ ಧೂಳು ಒರೆಸುತ್ತ ಕೂತಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಇಬ್ಬರೂ ಕಚೇರಿಗೆ ಹೋದರು. ಊರಿಗೆ ಹೋದ ಎಂದಿರಲ್ಲ, ಊರೇ ಎದ್ದು ಬಂದಿದೆ, ನೋಡಿ ಎಂದಳು ಮಂಚದಕ್ಕ. ವಿಚಾರಣೆ ಮುಗಿದಿದೆ, ಮುಗಿದದ್ದನ್ನು ತೆರೆಯಲು ಬರುವುದಿಲ್ಲ ಎಂದರು. ದಾರಿಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಇಳಿದಿರಬೇಕು, ಹುಡುಕಿಕೋ ಎಂದು ಗುಮಾಸ್ತನೊಬ್ಬ ಉದ್ದಣ್ಣನ ಹೆಂಡತಿಗೆ ಹೇಳಿದ. ಮಂಚದಕ್ಕ ಅವನ ಮೇಜಿನ ಮೇಲೆ ಉಗಿದಳು. ಕಾವಲುಗಾರರು ಬಂದರು. ಅವಳ ತುಟಿ ಒಡೆಯಿತು. ಅಷ್ಟೇ ಆದದ್ದು.

ಉದ್ದಣ್ಣನ ಹೆಂಡತಿ ವಾಪಸು ಹೋಗಲಿಲ್ಲ. ಅಣ್ಣನ ಜೊತೆ ಸೇರಿಸುತ್ತೇನೆಂದು ಊರಿಂದ ಗಂಡನ ತಮ್ಮನನ್ನೇ ಕರೆತಂದು ಮೇಸ್ತ್ರಿ ಆಗಲೇ ಆ ಜಾಗದಲ್ಲಿ ಇಳಿಸಿದ್ದ. ಆ ಹುಡುಗ ಅತ್ತಿಗೆಯನ್ನು ಕಂಡರೆ ದಾರಿ ತಪ್ಪಿಸಿ ನಡೆಯುತ್ತಿದ್ದ. ಊರಿನಲ್ಲಿ ದುಡಿಯುವ ಕೈ ಇನ್ನೊಂದಿಲ್ಲ, ಹೋಗಿ ಏನು ಮಾಡಲಿ ಎಂದು ಅವಳೂ ಅಂಗಳಕ್ಕೆ ಬಂದಳು. ಮಂಚದಕ್ಕ ಒಡೆದದ್ದನ್ನು ಬುಟ್ಟಿಯಲ್ಲಿ ಹೊತ್ತು ರೈಲಿನ ಡಬ್ಬಿಗೆ ಸುರಿಯುವುದು ಅವಳ ಕೆಲಸ. ಮಂಚದಕ್ಕ ಉಳಿಸಿಟ್ಟಿದ್ದ ಗಂಡನ ಅಂಗಿ, ಕನ್ನಡಿ, ಕ್ಷೌರದ ಸಾಮಾನು ಅವಳ ಗಂಟು ಸೇರಿದವು. ಗೋಣಿಯ ಗುಡಿಸಲಿನಲ್ಲಿ ಈಗ ಮೂರು ಜೀವ. ಅವಳು ಗಂಡನ ಮಾತು ಎತ್ತುತ್ತಿರಲಿಲ್ಲ. ಸುರಂಗ ಯಾವ ಕಡೆ ಹೋಗುತ್ತದೆ, ಈಗ ನಾವು ಕೂತಿರುವ ನೆಲದ ಕೆಳಗೂ ಬರುತ್ತದೆಯೇ ಎಂದು ಮಾತ್ರ ಒಮ್ಮೆ ಕೇಳಿದ್ದಳು.

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ದಿನ ಅವಳು ಖಾಲಿ ಬುಟ್ಟಿ ಇಳಿಸಿ, ತುಂಬುವ ತನಕ ಪಕ್ಕದಲ್ಲಿ ಕೂತಳು.

“ಒಂದು ಕೇಳ್ತೀನಿ ಅಕ್ಕ. ನಿಜ ಹೇಳ್ಬೇಕು. ಅಷ್ಟು ದೊಡ್ಡೋರ ಮುಂದೆ ನೀವು ಸುಳ್ಳು ಹೇಳ್ಲಿಲ್ಲ ಅಂತಾರೆ.”

“ಕೇಳು.”

“ಅವರಿಗೆ ಜೀವ ಬೇಗ ಹೋಯ್ತಾ?”

ಮಂಚದಕ್ಕ ಸುತ್ತಿಗೆ ಕೆಳಗಿಟ್ಟಳು. ಆಮೇಲೆ ಅವಳ ಮುಖವನ್ನೇ ನೋಡುತ್ತ ಹೇಳಿದಳು:

“ಕಲ್ಲು ಬಿದ್ದ ಕೂಡ್ಲೇ ಹೋಯ್ತು ಕಣಮ್ಮ. ಅವನಿಗೆ ಏನೂ ಗೊತ್ತಾಗಿಲ್ಲ.”

ಅವಳು ಉಸಿರು ಬಿಟ್ಟಳು.

“ಅಷ್ಟು ಸಾಕು,” ಎಂದಳು. “ಇನ್ನು ರಾತ್ರಿ ಮಲಗ್ತೀನಿ.”

ಡಬ್ಬಿ ಹೊರಡುತ್ತದೆ, ಬೇಗ ಬನ್ನಿ ಎಂದು ಮೇಲ್ವಿಚಾರಕ ಕೂಗಿದ. ಅವಳು ಎದ್ದು ನಿಂತಳು. ಮಂಚದಕ್ಕ ಸೊಂಟದ ನೋವಿಗೆ ಹಲ್ಲು ಕಚ್ಚಿ ಎದ್ದು, ತುಂಬಿದ ಬುಟ್ಟಿಯನ್ನು ಅವಳ ತಲೆಗೆ ಎತ್ತಿಕೊಟ್ಟಳು.